ಸೈಲೆನ್ಸರ್ ಸೆನ್ಸರ್ ಹೋಗಿದೆ ಅಂದ್ರೆ ಮೊದಲು ವೈರ್ ನೋಡಿ

ಈ ಸಲ ಬೆಳೆ ವಿಷಯ ಪಕ್ಕಕ್ಕಿಟ್ಟು ಗಾಡಿ ವಿಷಯ ಬರೀತಿದ್ದೀನಿ. ಟೊಮೆಟೊ ಹೊತ್ಕೊಂಡು ಕೋಲಾರ ಮಂಡಿಗೆ ಹೋಗೋ ನಮ್ಮ ಕಡೆಯ ಪಿಕಪ್‌ಗಳಲ್ಲಿ ಹೊಸವೆಲ್ಲ ಬಿಎಸ್6. ಇತ್ತೀಚೆಗೆ ಮೂರು ಜನ ಒಂದೇ ಪ್ರಶ್ನೆ ಕೇಳಿದ್ರು: ಎಂಜಿನ್ ಲೈಟ್ ಹತ್ತಿದೆ, ಲೋಡ್ ಎಳೀತಿಲ್ಲ, ಸೈಲೆನ್ಸರ್ ಬಿಸಿ ನೋಡೋ ಸೆನ್ಸರ್ ಹೋಗಿದೆ ಅಂತಾರೆ, ಏನಣ್ಣ ಮಾಡೋದು? ನಮ್ಮ ಗಾಡಿಗೂ ಕೊಯ್ಲಿನ ಟೈಮಲ್ಲೇ ಇದು ಬಂದಿತ್ತು. ಫೋನಲ್ಲಿ ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಇಲ್ಲೇ ಬರೆದುಬಿಡ್ತೀನಿ.

ಮೊದಲು ಆ ಸೆನ್ಸರ್ ಯಾಕಿದೆ ಅನ್ನೋದು. 2020ರ ಏಪ್ರಿಲ್‌ನಿಂದ ಬಿಎಸ್6 ಬಂದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ಪೈಪಿನಲ್ಲಿ ಡಿಪಿಎಫ್ ಅಂತ ಒಂದು ಜಾಲರಿ ಡಬ್ಬ ಬಂತು. ಹೊಗೆಯಲ್ಲಿರೋ ಮಸಿ ಅದರಲ್ಲಿ ಕೂರುತ್ತೆ. ತುಂಬಿದಾಗ ಗಾಡಿ ತಾನಾಗೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು, ಆ ಡಬ್ಬವನ್ನ 600 ಡಿಗ್ರಿ ಆಸುಪಾಸಿಗೆ ಕಾಯಿಸಿ ಮಸಿ ಸುಟ್ಟುಹಾಕುತ್ತೆ. ಇದಕ್ಕೆ ರೀಜನರೇಷನ್ ಅಂತಾರೆ. ಎಷ್ಟು ಕಾದಿದೆ ಅಂತ ಕಂಪ್ಯೂಟರಿಗೆ ಹೇಳೋದು ಈ ಸೆನ್ಸರ್‌ಗಳು. ಟರ್ಬೊ ಹತ್ತಿರ ಒಂದು, ಡಿಪಿಎಫ್ ಮುಂದೊಂದು, ಹಿಂದೊಂದು, ಹೀಗೆ ಗಾಡಿ ಮೇಲೆ ಎರಡು ಮೂರು ಇರುತ್ತವೆ. ಒಂದು ಸುಳ್ಳು ಹೇಳಿದ್ರೂ ಕಂಪ್ಯೂಟರ್ ಹೆದರಿ ಸುಡೋ ಕೆಲಸಾನೇ ನಿಲ್ಲಿಸುತ್ತೆ. ಮಸಿ ಮಾತ್ರ ತುಂಬ್ತಾನೇ ಇರುತ್ತೆ. ಕೊನೆಗೆ ಗಾಡಿ ಎಳೆಯಲ್ಲ, ಡಿಪಿಎಫ್ ಕಟ್ಟಿಕೊಳ್ಳುತ್ತೆ. ನೋಡೋರಿಗೆ ಡಿಪಿಎಫ್ ಕೆಟ್ಟ ಹಾಗೆ ಕಾಣುತ್ತೆ. ರೈತನ ಜೇಬಿಗೆ ಕೈ ಬೀಳೋದು ಇಲ್ಲೇ.

ನಮಗೆ ಹೇಳಿದ್ದೂ ಅದೇ: ಸೆನ್ಸರ್ ಹೋಗಿದೆ, ಡಿಪಿಎಫ್ಫೂ ಬ್ಲಾಕ್, ಎರಡೂ ಬದಲಾಯಿಸಬೇಕು. ಕೇಳಿದ ದುಡ್ಡು ಎರಡು ಕೊಯ್ಲಿನ ಟೊಮೆಟೊ ದುಡ್ಡು. ಸ್ಕ್ಯಾನರ್‌ನಲ್ಲಿ ಬಂದ ಕೋಡ್ ಏನು ಅಂತ ಕೇಳಿ ಬರ್ಕೊಂಡೆ, ಪಿ2033. ಎರಡನೇ ಸೆನ್ಸರ್‌ನ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಜಾಸ್ತಿ ಅಂತ ಅದರರ್ಥ. ಗಮನಿಸಿ, "ಸರ್ಕ್ಯೂಟ್" ಅಂತಿದೆ. ಸೆನ್ಸರ್, ಕಪ್ಲರ್, ವೈರ್, ಕಂಪ್ಯೂಟರ್ ಎಲ್ಲ ಸೇರಿದ್ದು ಸರ್ಕ್ಯೂಟ್. ಅದ್ರಲ್ಲಿ ಯಾವುದು ಕೆಟ್ಟಿದೆ ಅಂತ ಕೋಡ್ ಹೇಳಲ್ಲ. ವೋಲ್ಟೇಜ್ ಜಾಸ್ತಿ ಅಂದ್ರೆ ಸಾಮಾನ್ಯವಾಗಿ ಎಲ್ಲೋ ಕಟ್ ಆಗಿದೆ ಅಂತ. ಪಿ2032 ಬಂದಿದ್ರೆ ಕಡಿಮೆ ವೋಲ್ಟೇಜ್, ಅಂದ್ರೆ ಎಲ್ಲೋ ಬಾಡಿಗೆ ತಾಗಿ ಶಾರ್ಟ್ ಆಗ್ತಿರೋ ಸಾಧ್ಯತೆ ಹೆಚ್ಚು.

ಗಾಡಿ ವಾಪಸ್ ತಂದು ರಾತ್ರಿಯೆಲ್ಲ ನಿಲ್ಲಿಸಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ, ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ರೇಡಿಯೇಟರ್ ನೀರು, ಒಳಗೆ ಎಳ್ಕೊಳ್ಳೋ ಗಾಳಿ, ಸೈಲೆನ್ಸರ್ ಎಲ್ಲದರ ಬಿಸಿಯೂ ಹೆಚ್ಚುಕಮ್ಮಿ ಒಂದೇ ಇರಬೇಕು ಅಲ್ವಾ? ನೀರು 22, ಗಾಳಿ 23, ಒಂದನೇ ಸೆನ್ಸರ್ 21, ಮೂರನೇದು 23. ಎರಡನೇದು ಮಾತ್ರ 900 ದಾಟಿ ಕೂತಿತ್ತು. ಇಬ್ಬನಿ ಬಿದ್ದ ಸೈಲೆನ್ಸರ್ 900 ಡಿಗ್ರಿ! ಈ ಪರೀಕ್ಷೆಗೆ ಏನೂ ಬಿಚ್ಚೋ ಹಾಗಿಲ್ಲ. ಹತ್ತು ಡಿಗ್ರಿ ಆಚೀಚೆ ಇದ್ದರೆ ತಲೆ ಕೆಡಿಸ್ಕೋಬೇಡಿ. ಆದ್ರೆ ಕೆಲವು ಗಾಡಿ ಕೋಡ್ ಬಂದ ಮೇಲೆ ತಾನೇ ಒಂದು ಸುಳ್ಳು ನಂಬರ್ ತೋರಿಸ್ತವೆ. ಅದಕ್ಕೆ ಎಂಜಿನ್ ಹಾಕಿ ಸ್ವಲ್ಪ ಕಾದ ಮೇಲೂ ಆ ನಂಬರ್ ಅಲ್ಲಾಡುತ್ತಾ ನೋಡಿ.

ಆಮೇಲೆ ಮಲ್ಟಿಮೀಟರ್. ಪಂಪ್‌ಸೆಟ್ ಪ್ಯಾನೆಲ್ ನೋಡೋಕೆ ಇಟ್ಟಿರೋದೇ ಸಾಕು. ಕೀ ಆಫ್ ಮಾಡಿ ಕಪ್ಲರ್ ಬಿಚ್ಚಿ, ಸೆನ್ಸರ್ ಕಡೆಯ ಎರಡು ಪಿನ್ನಿಗೆ ಓಮ್ಸ್‌ನಲ್ಲಿ ಹಿಡಿದೆ. 216 ಬಂತು. ಪಕ್ಕದ ಸೆನ್ಸರ್ ಬಿಚ್ಚಿ ನೋಡಿದ್ರೆ 218. ಪ್ಲಾಟಿನಂ ಜಾತಿಯ ಸೆನ್ಸರ್ ತಣ್ಣಗಿದ್ದಾಗ ಹೆಚ್ಚಾಗಿ ಇಷ್ಟೇ ಇರುತ್ತೆ, ಬಿಸಿ ಏರಿದಂತೆ ಓಮ್ಸ್ ಏರುತ್ತೆ. ಇನ್ನೊಂದು ಜಾತಿ ಉಲ್ಟಾ. ತಣ್ಣಗಿದ್ದಾಗ ಸಾವಿರ ಲಕ್ಷ ಓಮ್ಸ್, ಕಾದಂತೆ ಇಳಿಯುತ್ತೆ. ನಿಮ್ಮದು ಯಾವ ಜಾತಿ ಗೊತ್ತಿಲ್ಲದಿದ್ರೆ ಅದೇ ಗಾಡಿಯ ಇನ್ನೊಂದು ಸೆನ್ಸರ್ ಜೊತೆ ಹೋಲಿಸಿ, ಪುಸ್ತಕ ಬೇಡ. ಎರಡು ವೈರ್ ಬಿಟ್ಟು ಜಾಸ್ತಿ ಇದ್ದರೆ, ಇಲ್ಲ ವೈರ್ ಮಧ್ಯೆ ಒಂದು ಸಣ್ಣ ಡಬ್ಬಿ ಇದ್ದರೆ, ಈ ಲೆಕ್ಕ ನಡೆಯಲ್ಲ. ಅದು ಬೇರೆ ತರಹದ್ದು, ಓಮ್ಸ್ ಹಿಡೀಬೇಡಿ.

ಅಂದ್ರೆ ನಮ್ಮ ಸೆನ್ಸರ್ ಚೆನ್ನಾಗೇ ಇದೆ. ಈಗ ಗಾಡಿ ಕಡೆಯ ವೈರ್. ಕೀ ಆನ್ ಮಾಡಿ ಎರಡು ಪಿನ್ ಮಧ್ಯೆ ವೋಲ್ಟ್ ನೋಡಿದ್ರೆ ಸುಮಾರು 5 ಬರಬೇಕು. ಬರಲಿಲ್ಲ. ಮೀಟರ್‌ನ ಕಪ್ಪು ವೈರನ್ನ ಬ್ಯಾಟರಿ ಮೈನಸ್‌ಗೆ ಹಿಡಿದು ಒಂದೊಂದೇ ಪಿನ್ ನೋಡಿದಾಗ ಒಂದರಲ್ಲಿ 5 ಬಂತು. ಅಂದ್ರೆ ಕಳಿಸೋ ವೈರ್ ಸರಿ ಇದೆ, ವಾಪಸ್ ಹೋಗೋ ವೈರ್ ಕಟ್. ಹುಡುಕಿಕೊಂಡು ಹೋದ್ರೆ ಪೈಪಿನ ಮೇಲಿನ ತಗಡಿನ ಹತ್ತಿರ ವೈರ್ ಹಿಡಿದಿಟ್ಟುಕೊಳ್ಳೋ ಕ್ಲಿಪ್ ಇರಲಿಲ್ಲ. ವೈರ್ ಜೋತುಬಿದ್ದು ತಗಡಿಗೆ ತಾಗಿ ಪ್ಲಾಸ್ಟಿಕ್ ಕರಗಿ ತಾಮ್ರ ತುಂಡಾಗಿತ್ತು. ಅಷ್ಟೇ!

ತುಂಡಾದ ಕಡೆ ಬೆಸುಗೆ ಹಾಕಿಸಿ, ಬಿಸಿ ತಡೆಯೋ ಸ್ಲೀವ್ ತೊಡಿಸಿ, ವೈರನ್ನ ಪೈಪಿನಿಂದ ದೂರ ಕಟ್ಟಿದೆವು. ಬರೀ ಕಪ್ಪು ಟೇಪ್ ಸುತ್ತಿದ್ರೆ ಆ ಬಿಸಿಗೆ ಹೆಚ್ಚು ದಿನ ನಿಲ್ಲಲ್ಲ. ಕೋಡ್ ಅಳಿಸಿ, ವರ್ಕ್‌ಶಾಪ್‌ನಲ್ಲಿ ಸ್ಕ್ಯಾನರ್ ಹಾಕಿ ಒಂದು ರೀಜನರೇಷನ್ ಮಾಡಿಸಿದ್ದು. ಡಿಪಿಎಫ್ ಹಿಂದೆ ಮುಂದಿನ ಒತ್ತಡ ಇಳಿದು ಗಾಡಿ ಮೊದಲಿನ ಹಾಗೆ ಎಳೀತು. ಬದಲಾಯಿಸಬೇಕು ಅಂದಿದ್ದ ಅದೇ ಡಿಪಿಎಫ್ ಇವತ್ತೂ ಗಾಡಿಯಲ್ಲಿದೆ.

ಹಾಗಂತ ಯಾವಾಗಲೂ ವೈರೇ ಅಂತಲ್ಲ. ಕೆಲವು ಗಾಡಿಯಲ್ಲಿ ಇಲಿ ಕಡಿದಿರುತ್ತೆ, ಪ್ರೆಷರ್ ವಾಷ್ ಮಾಡಿಸಿ ಕಪ್ಲರ್ ಒಳಗೆ ನೀರು ಹೋಗಿ ಪಿನ್ ಹಸಿರು ಕಟ್ಟಿರುತ್ತೆ, ಕೆಲವೊಮ್ಮೆ ಸೆನ್ಸರ್ರೇ ಒಳಗೆ ಬಿರುಕು ಬಿಟ್ಟಿರುತ್ತೆ. ತಣ್ಣಗಿದ್ದಾಗ ಸರಿ ತೋರಿಸಿ ಕಾದ ಮೇಲೆ ನಂಬರ್ ಕುಣಿದ್ರೆ ಸೆನ್ಸರ್, ವೈರ್ ಎರಡನ್ನೂ ಅನುಮಾನಿಸಿ. ವೈರ್ ಕೈಯಲ್ಲಿ ಅಲ್ಲಾಡಿಸ್ತಾ ಸ್ಕ್ಯಾನರ್ ನೋಡಿದ್ರೆ ಗೊತ್ತಾಗುತ್ತೆ. ಸೆನ್ಸರ್ ಬಿಚ್ಚಲೇಬೇಕಾದ್ರೆ ಮರೆ ತುಕ್ಕು ಹಿಡಿದು ಕಚ್ಚಿರುತ್ತೆ. ಹಿಂದಿನ ದಿನವೇ ತುಕ್ಕು ಬಿಡಿಸೋ ಎಣ್ಣೆ ಬಿಡಿ, ಬಲವಂತ ಮಾಡಿ ಮರೆ ಕಿತ್ತುಬಂದ್ರೆ ಪೈಪಿಗೂ ಖರ್ಚು.

ಒಂದು ಮಾತು ಸಿಟ್ಟಿನಿಂದಲೇ ಹೇಳ್ತೀನಿ. ಕಪ್ಲರ್‌ಗೆ ಒಂದು ರೆಸಿಸ್ಟರ್ ಸಿಕ್ಕಿಸಿ ಲೈಟ್ ಆರಿಸಿಕೊಡೋರು ಇದ್ದಾರೆ. ಕಂಪ್ಯೂಟರಿಗೆ ಆಗ ಯಾವಾಗಲೂ ಒಂದೇ ಬಿಸಿ ಕಾಣುತ್ತೆ. ಡಬ್ಬ ನಿಜವಾಗಿ 800, 900 ಆದ್ರೂ ಅದಕ್ಕೆ ಗೊತ್ತಾಗಲ್ಲ. ನಾವು ರಾಗಿ, ಹುರುಳಿ ರಸ್ತೆ ಮೇಲೆ ಹಾಸೋ ಜನ. ಆ ಹುಲ್ಲು ಗಾಡಿ ಕೆಳಗೆ ಸುತ್ಕೊಳ್ಳೋದು ನೀವೇ ನೋಡಿದ್ದೀರಿ. ಸರಿಯಾಗಿರೋ ಗಾಡೀನೂ ರೀಜನರೇಷನ್ ಆಗ್ತಿರುವಾಗ ಹುಲ್ಲಿನ ಮೇಲೆ, ಬಣವೆ ಪಕ್ಕ ನಿಲ್ಲಿಸಬೇಡಿ. ರೆಸಿಸ್ಟರ್ ಹಾಕಿದ ಗಾಡೀನ ನಾನಂತೂ ಕಣದ ಹತ್ತಿರ ಬಿಡಲ್ಲ.

ಇನ್ನೊಂದು, ಲೈಟ್ ಹತ್ತಿ ಬಹಳ ದಿನ ಓಡಿಸಿದ್ದರೆ, ಅಥವಾ ರೀಜನರೇಷನ್ ಅರ್ಧಕ್ಕೆ ನಿಂತು ನಿಂತು ಹೋಗ್ತಿದ್ದರೆ, ಆಯಿಲ್ ಕಡ್ಡಿ ಎಳೆದು ನೋಡಿ. ಮೇಲಿನ ಗೆರೆ ದಾಟಿ, ಡೀಸೆಲ್ ವಾಸನೆ ಬರ್ತಿದ್ದರೆ ಆಯಿಲ್‌ಗೆ ಡೀಸೆಲ್ ಇಳಿದಿದೆ. ಆಯಿಲ್ ಬದಲಾಯಿಸದೆ ಲೋಡ್ ಹಾಕಬೇಡಿ, ಬೇರಿಂಗ್ ಹೋಗುತ್ತೆ.

2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೂ ಹೊಗೆ ನಿಯಮ ಬಿಗಿಯಾಗಿದೆ. ಡಿಪಿಎಫ್ ಇರೋ ಟ್ರ್ಯಾಕ್ಟರ್ ತಗೊಂಡವರಿಗೂ ಇದೇ ಲೆಕ್ಕ.

ನನ್ನ ಹತ್ತಿರ ಸ್ಕ್ಯಾನರ್, ಮೀಟರ್ ಎರಡೂ ಇವೆ. ಲೈಟ್ ಹತ್ತಿರೋರು ಭಾನುವಾರ ನೋಡಿಸ್ಕೋಬೇಕು ಅಂದ್ರೆ ಶನಿವಾರ ಸಂಜೆಯೇ ಗಾಡಿ ತಂದು ನಮ್ಮ ತೋಟದ ಹತ್ತಿರ ಬಿಟ್ಟು ಹೋಗಿ. ಬೆಳಿಗ್ಗೆ ಬಿಸಿ ಗಾಡಿ ತಂದ್ರೆ ಮೊದಲನೇ ಪರೀಕ್ಷೆನೇ ಮಾಡಕ್ಕಾಗಲ್ಲ.