ಆಲ್ಡೆರಾನ್ ಎಂಬ ಗಿರಿಲೋಕ

ಭೂಪಟದಲ್ಲಿ ಎಷ್ಟು ಹುಡುಕಿದರೂ ದೊರೆಯದ ನಾಡೊಂದರ ವೃತ್ತಾಂತವನ್ನು ವಾಚಕ ಮಹಾಶಯರ ಮುಂದಿಡುತ್ತಿದ್ದೇನೆ. ಅಮೆರಿಕದ ಜಾರ್ಜ್ ಲೂಕಾಸ್ ಎಂಬವರು 1977ರಲ್ಲಿ ಹೊರತಂದ ‘ಸ್ಟಾರ್ ವಾರ್ಸ್’ ಚಲನಚಿತ್ರದಲ್ಲಿ ಬರುವ ಆಲ್ಡೆರಾನ್ ಗ್ರಹವೇ ಅದು.

ನಮ್ಮ ಮಹಾಕಾವ್ಯಗಳಲ್ಲಿ ನಗರವರ್ಣನೆ, ಶೈಲವರ್ಣನೆಗಳು ಮೊದಲು ಬಂದು, ಯುದ್ಧವು ಆಮೇಲೆ ಬರುವುದಷ್ಟೆ. ಇಲ್ಲಿ ಕ್ರಮವು ವಿಪರೀತ. ಆ ಚಿತ್ರದಲ್ಲಿ ಆಲ್ಡೆರಾನಿನ ಒಂದು ಬೀದಿಯನ್ನಾಗಲಿ ಬೆಟ್ಟವನ್ನಾಗಲಿ ನಾವು ಕಾಣೆವು. ದೂರದಲ್ಲೊಂದು ಗೋಲವು ತೋರುವುದು, ಅಷ್ಟೆ. ಅದು ರಾಜಕುಮಾರಿ ಲೇಯಾಳ ತವರು, ಆಯುಧಗಳಿಲ್ಲದ ಶಾಂತದೇಶ. ಸಾಮ್ರಾಜ್ಯದ ಅಧಿಕಾರಿಯಾದ ಟಾರ್ಕಿನ್ ತನ್ನ ಹೊಸ ಯಂತ್ರದ ಬಲವನ್ನು ಲೋಕಕ್ಕೆ ತೋರಿಸಲೆಂದು, ಆಕೆಯ ಕಣ್ಣೆದುರಿಗೇ ಅದನ್ನು ಕ್ಷಣಮಾತ್ರದಲ್ಲಿ ನುಚ್ಚುನೂರು ಮಾಡಿಸುವನು. ಬಳಿಕ ಅಲ್ಲಿಗೆ ಬಂದ ನೌಕೆಗೆ ಎದುರಾದುದು ಬರಿಯ ಕಲ್ಲುಗಳ ಮಳೆ.

ಆ ನಾಡಿನ ಸೊಬಗು ಪ್ರೇಕ್ಷಕರಿಗೆ ತೆರೆಯ ಮೇಲೆ ದೊರೆತುದು 28 ವರ್ಷಗಳ ಮೇಲೆ, ಪೂರ್ವಕಥೆಯನ್ನು ಹೇಳುವ 2005ರ ಚಿತ್ರದಲ್ಲಿ. ಹಿಮಾಚ್ಛಾದಿತ ಶಿಖರಗಳು, ನಡುವೆ ಧವಳ ಪ್ರಾಸಾದ, ಅಲ್ಲಿಗೆ ಸಾಕುಮಗಳಾಗಿ ಬಂದ ಹಸುಗೂಸು ಲೇಯಾ. ಆ ಗಿರಿಪಂಕ್ತಿಗಾಗಿ ಸ್ವಿಟ್ಜರ್ಲೆಂಡಿನ ಗ್ರಿಂಡೆಲ್ವಾಲ್ಡ್ ಪ್ರದೇಶದ ಪರ್ವತದೃಶ್ಯಗಳನ್ನೇ ಸೆರೆಹಿಡಿದು ಬಳಸಿದರಂತೆ. ಕಲ್ಪನೆಗೂ ಕಾಲೂರಲು ನೆಲ ಬೇಕಲ್ಲವೆ!

ಅದರ ಐಶ್ವರ್ಯವನ್ನು ಕಾಣಬೇಕಾದರೆ 2022ರ ‘ಓಬಿ-ವಾನ್ ಕೆನೋಬಿ’ ಮಾಲಿಕೆಯನ್ನು ನೋಡಬೇಕು. ಅರಮನೆಯಲ್ಲಿ ಅತಿಥಿಗಳ ಸತ್ಕಾರಕ್ಕೆ ಸಿದ್ಧತೆ ನಡೆದಿದೆ. ಅಲಂಕರಿಸಿಕೊಂಡು ಬಂದು ನಿಲ್ಲಬೇಕಾದ ಹತ್ತು ವರ್ಷದ ಲೇಯಾ ಮಾತ್ರ ಎಲ್ಲರ ಕಣ್ಣು ತಪ್ಪಿಸಿ, ಕಾಡಿನ ಮರವೊಂದನ್ನೇರಿ, ಆಕಾಶದಲ್ಲಿ ಹೋಗಿಬರುವ ನೌಕೆಗಳನ್ನು ನೋಡುತ್ತ ಕುಳಿತಿರುವಳು.