ನಮ್ಮ ಹಿತ್ತಿಲಿನ ಕವಣೆ ಯಂತ್ರ

ಹೋದ ವರ್ಷ ದಸರಾ ರಜೆಯ ಒಂದು ಮಧ್ಯಾಹ್ನ, ನಮ್ಮ ಹಿತ್ತಿಲಿನಿಂದ ಹಾರಿದ ಅಡಿಕೆಯೊಂದು ಪಕ್ಕದ ಮನೆಯವರು ಒಣಹಾಕಿದ್ದ ಹಪ್ಪಳದ ಮೇಲೆ ಹೋಗಿ ಬಿತ್ತು. “ಏನ್ರೀ, ಎಲೆ ಇಲ್ದೆ ಬರೀ ಅಡಿಕೆ ಕಳಿಸ್ತಿದೀರಲ್ಲ?” ಎಂದು ಆಕೆ ಕಾಂಪೌಂಡಿನ ಮೇಲಿಂದ ಇಣುಕಿ ನಕ್ಕರು. ನಾನೂ ನಕ್ಕೆ. ಆದರೆ ಒಳಗೊಳಗೇ ಅಳುಕು. ಏಕೆಂದರೆ ಅದೇ ಕಾಂಪೌಂಡಿನ ಬಳಿ, ಅದೇ ಆಕೆಯ ಎದುರು, ಅದಕ್ಕೆ ಹದಿನೈದು ದಿನ ಮುಂಚೆ ನಾನು ಒಂದು ಮಾತು ಹಾರಿಸಿದ್ದೆ. ಹಪ್ಪಳವೇನೋ ಒಂದೆರಡು ಮುರಿದವು, ಅಷ್ಟೆ. ಮಾತು ಮುರಿದದ್ದನ್ನು ನಿಮಗೆ ಹೇಳಬೇಕು.

ನಮ್ಮ ಪುಟ್ಟಿ ಎಂಟನೆಯ ತರಗತಿ. ಅರ್ಧವಾರ್ಷಿಕ ಪರೀಕ್ಷೆಯ ಲೆಕ್ಕದಲ್ಲಿ ಐವತ್ತಕ್ಕೆ ಹನ್ನೊಂದು ತೆಗೆದುಕೊಂಡು ಬಂದಳು. ಪಕ್ಕದ ಮನೆಯಾಕೆ ಮಗಳ ಅಂಕ ಕೇಳಿದಾಗ ನಾನು ಏನೆಂದೆ ಗೊತ್ತೆ? “ಅಯ್ಯೋ, ಅವಳ ತಲೆಗೆ ಲೆಕ್ಕ ಹತ್ತೋದಿಲ್ಲ ಬಿಡಿ. ಹತ್ತನೇ ಕ್ಲಾಸು ಒಂದು ಮುಗಿದರೆ ಸಾಕು, ಹೊಲಿಗೆ ಕಲಿಸಿಬಿಡ್ತೀನಿ.” ಹೊಲಿಗೆ ಕೀಳೆಂದಲ್ಲ, ನಾನೂ ಹೊಲಿಯುತ್ತೇನೆ. ಆದರೆ ಹೇಳಿದ ರೀತಿ! ತಿರುಗಿ ನೋಡಿದರೆ ಪುಟ್ಟಿ ಒಗೆದ ಬಟ್ಟೆಯ ಬಕೀಟು ಹಿಡಿದುಕೊಂಡು ಹಿಂದೆಯೇ ನಿಂತಿದ್ದಳು.

ಅಂದಿನಿಂದ ಅವಳ ಮಾತು ನಿಂತಿತು. “ಊಟ ಮಾಡ್ತೀಯಾ?” ಎಂದರೆ “ಹೂಂ.” “ಸಾಕಾ?” ಎಂದರೆ “ಸಾಕು.” ನಿಮ್ಮ ಮನೆಯಲ್ಲೂ ಬೆಳೆಯುವ ಹೆಣ್ಣುಮಕ್ಕಳಿದ್ದರೆ ಇದರ ಬಿಸಿ ನಿಮಗೆ ಗೊತ್ತಿರುತ್ತದೆ. ಜಗಳವಾಡಿದರೆ ವಾಸಿ, ಈ ‘ಹೂಂ’ ಮಾತ್ರ ಬೇಡ.

ರಜೆ ಶುರುವಾದ ಮೇಲೆ ಅವಳು ಶಾಲೆಯ ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಒಂದು ಚಿತ್ರ ನೋಡುತ್ತ ಕೂತಿರುತ್ತಿದ್ದಳು. ಡಿಸೆಂಬರಿನ ವಿಜ್ಞಾನ ಪ್ರದರ್ಶನಕ್ಕೆ ಅದನ್ನೇ ಮಾಡುತ್ತಾಳಂತೆ. ಹೆಸರು ಟ್ರೆಬುಷೆ. ನನ್ನ ಬಾಯಿಗೆ ಅದು ತಿರುಗಲೇ ಇಲ್ಲ. ನಾನು ಅದಕ್ಕೆ ಕವಣೆ ಯಂತ್ರ ಎಂದೇ ಹೆಸರಿಟ್ಟೆ. ಫಿರಂಗಿ ಬರುವುದಕ್ಕೆ ಮುಂಚೆ ಕೋಟೆಯ ಗೋಡೆ ಒಡೆಯಲು ಇಂಥ ಯಂತ್ರಗಳಿದ್ದವು. ೧೩೦೧ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ರಣಥಂಬೋರಿಗೆ ಮುತ್ತಿಗೆ ಹಾಕಿದಾಗಲೂ ಕಲ್ಲೆಸೆಯುವ ಯಂತ್ರಗಳು ಕೆಲಸ ಮಾಡಿದವು. ೧೩೦೪ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡ್ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯ ಮುಂದೆ ವಾರ್‌ವುಲ್ಫ್ ಎಂಬ ಭಾರಿ ಯಂತ್ರ ಕಟ್ಟಿಸಿದ. ಒಳಗಿದ್ದವರು ಶರಣಾಗುತ್ತೇವೆ ಎಂದರೂ, ‘ತಡೀರಿ, ಮೊದಲು ನನ್ನ ಯಂತ್ರ ಕಲ್ಲು ಎಸೆಯಲಿ’ ಎಂದು ಅವರನ್ನು ಕಾಯಿಸಿದನಂತೆ. ರಾಣಿ ಮತ್ತು ಅವಳ ಸಖಿಯರು ಕೂತು ನೋಡಲೆಂದು ಕಿಟಕಿಯೊಂದನ್ನೂ ಮಾಡಿಸಿದ್ದನಂತೆ! ಗಂಡಸರ ಆಟಕ್ಕೆ ಹೆಂಗಸರು ಕಿಟಕಿಯಲ್ಲಿ ಕೂರುವುದು ಅಂದಿನಿಂದಲೂ ಇದೆ ನೋಡಿ.

ನಾನು ಕಿಟಕಿಯಲ್ಲಿ ಕೂರಲಿಲ್ಲ. ಅಟ್ಟ ಹತ್ತಿ ಮುರಿದ ಬೆಂಚಿನ ಪಟ್ಟಿಗಳನ್ನು ಕೆಳಗಿಳಿಸಿದೆ. “ಇದು ಆಗುತ್ತಾ ನೋಡೇ” ಎಂದೆ. ಪುಟ್ಟಿ ಪಟ್ಟಿಯನ್ನೂ ನನ್ನನ್ನೂ ನೋಡಿ, “ಆಗುತ್ತೆ” ಎಂದಳು. ಹದಿನೈದು ದಿನದಲ್ಲಿ ‘ಹೂಂ’ ಅಲ್ಲದ ಮೊದಲನೆಯ ಮಾತು ಅದು.

ನೀವೂ ಮಾಡಬಹುದು, ಅಡುಗೆ ಬರೆಯುವ ಹಾಗೆಯೇ ಬರೆಯುತ್ತೇನೆ. ಬೇಕಾಗುವ ಸಾಮಾನು: ಇಪ್ಪತ್ತೈದು ಇಂಚಿನ ಗಟ್ಟಿ ಮರದ ಕೋಲು ಒಂದು, ಎರಡು ಕಾಲುಗಳ ಚೌಕಟ್ಟಿಗೆ ಹಳೆಯ ಪಟ್ಟಿಗಳು, ಉಣ್ಣೆ ಹೆಣೆಯುವ ಲೋಹದ ಕಡ್ಡಿ ಒಂದು, ಹಾಲಿನ ಪುಡಿಯ ಹಳೆ ಡಬ್ಬಿ, ಒಂದು ಕಿಲೋ ಆಗುವಷ್ಟು ಮರಳು, ಹೂ ಕಟ್ಟುವ ಗಟ್ಟಿ ದಾರ, ರವಿಕೆ ಬಟ್ಟೆಯ ಚೂರು, ತಲೆ ಕತ್ತರಿಸಿದ ಮೊಳೆ ಒಂದು. ಎಸೆಯುವುದಕ್ಕೆ ನಮ್ಮತ್ತೆಯವರ ಎಲೆಯಡಿಕೆ ತಟ್ಟೆಯಿಂದ ಕೇಳಿ ತಂದ ಗೋಟಡಿಕೆ. ಹತ್ತು ಅಡಿಕೆ ತೂಗಿದರೆ ನೂರು ಗ್ರಾಂ ಆಸುಪಾಸು, ಅಂದರೆ ಒಂದೊಂದು ಹತ್ತು ಗ್ರಾಂ. ಎಸೆಯುವ ವಸ್ತುವಿನ ನೂರರಷ್ಟು ಭಾರ ಡಬ್ಬಿಯಲ್ಲಿದ್ದರೆ ಒಳ್ಳೆಯದು. ಆ ಲೆಕ್ಕಕ್ಕೇ ಒಂದು ಕಿಲೋ ಮರಳು.

ಮಾಡುವ ವಿಧಾನ: ಕೋಲಿನ ಒಂದು ತುದಿಯಿಂದ ಐದು ಇಂಚು ಅಳೆದು ತೂತು ಕೊರೆಯಿರಿ. ಈಚೆಗೆ ಐದು, ಆಚೆಗೆ ಇಪ್ಪತ್ತು, ಅಂದರೆ ಒಂದಕ್ಕೆ ನಾಲ್ಕು. ತೂತಿನಲ್ಲಿ ಹೆಣಿಗೆ ಕಡ್ಡಿ ತೂರಿಸಿ, ನೆಲದಿಂದ ಹದಿನೈದು ಇಂಚು ಎತ್ತರದಲ್ಲಿ ಚೌಕಟ್ಟಿನ ಮೇಲೆ ಕೂರಿಸಿ. ಗಿಡ್ಡ ತುದಿಗೆ ಮರಳಿನ ಡಬ್ಬಿಯನ್ನು ತೂಗುಬಿಡಿ, ಬಿಗಿಯಾಗಿ ಕಟ್ಟಬೇಡಿ. ತೂಗಾಡುವ ಭಾರ ನೇರವಾಗಿ ಕೆಳಗಿಳಿಯುತ್ತದೆ, ಚೌಕಟ್ಟು ಅಲುಗುವುದು ಕಡಿಮೆ. ಉದ್ದನೆಯ ತುದಿಗೆ ಮೊಳೆ. ಬಟ್ಟೆ ಚೂರಿನ ಜೋಳಿಗೆಗೆ ಎರಡು ದಾರ. ಒಂದು ದಾರವನ್ನು ಕೋಲಿಗೆ ಗಂಟು ಹಾಕಿ, ಇನ್ನೊಂದರ ತುದಿಗೆ ಕುಣಿಕೆ ಮಾಡಿ ಮೊಳೆಗೆ ಸುಮ್ಮನೆ ಸಿಕ್ಕಿಸಿ. ಉದ್ದನೆಯ ತುದಿಯನ್ನು ಕೆಳಗೆಳೆದು ಹಿಡಿದರೆ ಡಬ್ಬಿ ಮೇಲೇರುತ್ತದೆ. ಬಿಟ್ಟರೆ ಡಬ್ಬಿ ಕೆಳಗೆ, ಕೋಲು ಮೇಲೆ, ಜೋಳಿಗೆ ಸುತ್ತಿ ಬಂದು ಕುಣಿಕೆ ಜಾರಿ, ಅಡಿಕೆ ಮುಂದಕ್ಕೆ ಹಾರಬೇಕು. ಹುಡುಗರ ಕ್ಯಾಟರ್‌ಬಿಲ್ಲಿನ ಹಾಗೆ ರಬ್ಬರು ಬೇಡ, ಬೀಳುವ ಭಾರದ್ದೇ ಎಲ್ಲ ಕೆಲಸ.

‘ಹಾರಬೇಕು’ ಎಂದೆ. ಹಾರಿತು, ಹಿಂದಕ್ಕೆ! ಹಪ್ಪಳದ ಕತೆ ಅದೇ. ಎರಡನೆಯದು ನೆಟ್ಟಗೆ ಮೇಲೆ ಹೋಗಿ ತುಳಸಿಕಟ್ಟೆಯ ಮೇಲೆ ಬಿತ್ತು. ಮೂರನೆಯ ಸಲ ಕೋಲು ತೂತಿನ ಹತ್ತಿರ ಲಟಕ್ಕೆಂದು ಸೀಳಿತು. “ನಾನು ಮುಟ್ಟಿದ್ದೆಲ್ಲ ಹೀಗೇ. ನನ್ನ ತಲೆಗೆ ಹತ್ತಲ್ಲ ಅಂತ ನೀನೇ ಹೇಳಿದೀಯಲ್ಲ” ಎಂದು ಪುಟ್ಟಿ ಎಲ್ಲವನ್ನೂ ಅಲ್ಲೇ ಬಿಟ್ಟು ಒಳಗೆ ಹೋದಳು.

ನಾನು ಆ ಮುರಿದ ಕೋಲನ್ನು ಹಿಡಿದುಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂತೆ. ಏನು ಹೇಳಲಿ? ಮಾತು ನನ್ನದೇ. ಆಡಿದ್ದು ಒಂದು ಗಳಿಗೆ, ಅದು ಮಗುವಿನ ಎದೆಯಲ್ಲಿ ಮನೆ ಮಾಡಿಕೊಂಡು ಕೂತಿತ್ತು.

ಕಾಪಾಡಿದವರು ನಮ್ಮತ್ತೆ. ಎಪ್ಪತ್ತೆಂಟು ವರ್ಷ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಡಿಕೆ ಖರ್ಚಾಗುತ್ತಿದೆಯೆಂದು ಗೊಣಗುತ್ತಲೇ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. “ಇದೇನೇ, ಏತಕ್ಕೆ ಕವಣೆ ಕಟ್ಟಿದ ಹಾಗಿದೆ?” ಎಂದರು. ನನಗೆ ತಟ್ಟನೆ ಹೊಳೆಯಿತು. ನೀರೆತ್ತುವ ಏತದ ಹಿಂದಿನ ತುದಿಗೆ ಕಲ್ಲು ಕಟ್ಟುತ್ತಿದ್ದರಲ್ಲ, ಆ ಭಾರವೇ ಇಲ್ಲಿ ಡಬ್ಬಿ. ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸುವ ಕವಣೆಯೇ ಇಲ್ಲಿ ಜೋಳಿಗೆ. ಅತ್ತೆ ಹುಡುಗಿಯಾಗಿದ್ದಾಗ ಎರಡನ್ನೂ ಕೈಯಾರೆ ಆಡಿಸಿದವರು.

“ಪುಟ್ಟೀ, ಬಾರೇ ಇಲ್ಲಿ” ಎಂದು ಕೂಗಿದರು. ಅಜ್ಜಿ ಕರೆದರೆ ಅವಳು ಬಾರದೆ ಇರುತ್ತಾಳೆಯೇ? ಮುಖ ಊದಿಸಿಕೊಂಡೇ ಬಂದಳು. “ಕವಣೇಲಿ ಒಂದು ತುದಿ ಬೆರಳಿಗೆ ಕಟ್ಕೋತೀವಿ, ಇನ್ನೊಂದು ತುದಿ ಬಿಡ್ತೀವಿ. ಬೇಗ ಬಿಟ್ರೆ ಕಲ್ಲು ಆಕಾಶಕ್ಕೆ, ತಡ ಮಾಡಿದ್ರೆ ಕಾಲಿಗೆ. ಬಿಡೋ ಹೊತ್ತೇ ವಿದ್ಯೆ ಕಣೇ. ನಿನ್ನ ಯಂತ್ರ ಬೇಗ ಬಿಡ್ತಾ ಇದೆ. ದಾರನ ಇನ್ನಷ್ಟು ಹೊತ್ತು ಹಿಡ್ಕೊಳ್ಳೋ ಹಾಗೆ ಮಾಡು.”

ಪುಟ್ಟಿ ಮೊಳೆಯನ್ನೇ ದಿಟ್ಟಿಸಿದಳು. ಅದು ಕೋಲಿನ ಉದ್ದಕ್ಕೆ ನೆಟ್ಟಗಿತ್ತು, ಅದಕ್ಕೇ ಕುಣಿಕೆ ಮೊದಲೇ ಜಾರುತ್ತಿತ್ತು. “ಬಗ್ಗಿಸಿದರೆ?” ಎಂದಳು. ಆ ಪ್ರಶ್ನೆ ಅಜ್ಜಿಯದಲ್ಲ, ನನ್ನದಲ್ಲ, ಅವಳದೇ.

ಸರಿ, ಮಾರನೆಯ ದಿನ ಬಡಗಿ ಆಚಾರ್ರ ಹತ್ತಿರ ಹೋಗಿ ಹೊಸ ಕೋಲು ತಂದೆವು. ತೂತಿನ ಎರಡೂ ಕಡೆ ದಾರ ಬಿಗಿಯಾಗಿ ಸುತ್ತಿ ಗೋಂದು ಹಚ್ಚಿದರೆ ಸೀಳುವುದಿಲ್ಲ ಎಂದು ಅವರೇ ಹೇಳಿಕೊಟ್ಟರು. ಹೆಣಿಗೆ ಕಡ್ಡಿಗೆ ಮೇಣದ ಬತ್ತಿ ಉಜ್ಜಿದ ಮೇಲೆ ಕೋಲು ಸಲೀಸಾಗಿ ತಿರುಗಿತು. ಆಮೇಲೆ ಪುಟ್ಟಿ ಒಂದು ನೋಟುಬುಕ್ ತೆಗೆದಳು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಮೂರು ಎಸೆತ, ಬಿದ್ದ ಜಾಗಕ್ಕೆ ಟೇಪು. ದೋಸೆ ಸರಿಯಾಗಿ ಏಳದಿದ್ದಾಗ ನಾವು ಅಕ್ಕಿ, ಉದ್ದು, ಉಪ್ಪು ಮೂರನ್ನೂ ಒಟ್ಟಿಗೆ ಬದಲಾಯಿಸುತ್ತೇವೆಯೇ? ಬದಲಾಯಿಸಿದರೆ ಯಾವುದರ ತಪ್ಪೆಂದು ತಿಳಿಯುವುದಾದರೂ ಹೇಗೆ?

ಅವಳ ಪುಸ್ತಕದಲ್ಲಿ ಹೀಗಿತ್ತು: ಮೊಳೆ ನೆಟ್ಟಗೆ, ಹಿಂದಕ್ಕೆ. ಸ್ವಲ್ಪ ಮುಂದಕ್ಕೆ ಬಗ್ಗಿಸಿದರೆ ಎತ್ತರ ಹೋಗಿ ೧೪ ಅಡಿ. ಇನ್ನಷ್ಟು ಬಗ್ಗಿಸಿದರೆ ೩೧ ಅಡಿ. ತೀರ ಕೊಕ್ಕೆಯಾದರೆ ಎದುರಿನ ನೆಲಕ್ಕೇ ಬಡಿದು ೫ ಅಡಿ. ಮೊಳೆಯನ್ನು ಹಿಂದಿನ ಹದಕ್ಕೆ ತಂದು ದಾರಕ್ಕೆ ಕೈ ಹಾಕಿದಳು. ಜೋಳಿಗೆಯ ದಾರ ಗಿಡ್ಡವಾದರೆ ಬೇಗ ಸುತ್ತಿ ಬಂದು ಅಡಿಕೆ ಮೇಲಕ್ಕೆ ಹೋಗುತ್ತದೆ, ಉದ್ದವಾದರೆ ತಡವಾಗಿ ಬಿಟ್ಟು ಕೆಳಕ್ಕೆ ಹೋಗುತ್ತದೆ. ಹದಿನಾಲ್ಕು ಇಂಚಿನಿಂದ ಹದಿನೆಂಟಕ್ಕೆ ತಂದಾಗ ೪೪ ಅಡಿ. ಕಡೆಗೆ ಚೌಕಟ್ಟಿಗೆ ಹಳೆಯ ಆಟದ ಗಾಡಿಯ ಚಕ್ರ ಹಾಕಿದಳು. ಭಾರ ಬೀಳುವಾಗ ಚೌಕಟ್ಟು ತಾನೇ ಹಿಂದೆ ಮುಂದೆ ಸರಿದು ಡಬ್ಬಿ ಇನ್ನೂ ನೇರವಾಗಿ ಇಳಿಯುತ್ತದೆ. ೫೨ ಅಡಿ! ಅಡಿಕೆ ನುಗ್ಗೆಮರದ ಬುಡ ದಾಟಿತು.

ಯಂತ್ರ ಹದಕ್ಕೆ ಬಂದಿದೆಯೆಂದು ತಿಳಿಯುವುದು ಹೇಗೆ ಗೊತ್ತೆ? ಅಡಿಕೆ ಹಾರುವ ಗಳಿಗೆಯಲ್ಲಿ ಕೋಲು ನೆಟ್ಟಗೆ ನಿಂತಿರಬೇಕು, ಡಬ್ಬಿ ಓಲಾಡದೆ ಕ್ಷಣಹೊತ್ತು ಸ್ತಬ್ಧವಾಗಬೇಕು. ತನ್ನ ಶಕ್ತಿಯನ್ನೆಲ್ಲ ಅಡಿಕೆಗೆ ಕೊಟ್ಟು ತಾನು ಸುಮ್ಮನಾಗಬೇಕು. ಡಬ್ಬಿ ಇನ್ನೂ ಕುಣಿಯುತ್ತಿದ್ದರೆ ಶಕ್ತಿ ಅಷ್ಟು ಪೋಲಾಯಿತು ಎಂದೇ ಅರ್ಥ. ಇಂಗ್ಲೆಂಡಿನ ವಾರಿಕ್ ಕೋಟೆಯಲ್ಲಿ ೨೦೦೫ರಲ್ಲಿ ಕಟ್ಟಿದ ಟ್ರೆಬುಷೆ ೧೮ ಮೀಟರ್ ಎತ್ತರ, ೨೨ ಟನ್ ತೂಕ. ಅದಕ್ಕೂ ನಮ್ಮ ಹಾಲಿನ ಪುಡಿ ಡಬ್ಬಿಗೂ ಇರುವುದು ಒಂದೇ ನ್ಯಾಯ.

ಆ ರಾತ್ರಿ ನಾನು ಚಪಾತಿ ಲಟ್ಟಿಸುತ್ತಿದ್ದಾಗ ಪುಟ್ಟಿ ಲೆಕ್ಕದ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. “ಅಮ್ಮಾ, ನಮ್ಮ ಕೋಲು ಒಂದಕ್ಕೆ ನಾಲ್ಕು ಅಂದ್ವಲ್ಲ, ಈ ಅನುಪಾತ ಅನ್ನೋದು ಅದೇನಾ?” ಎಂದಳು. “ಅದೇ ಕಣೇ” ಎಂದೆ. “ಮತ್ತೆ ಇದು ನನಗೆ ಬರುತ್ತಲ್ಲ!” ಎಂದಳು.

ಒಲೆಯ ಮೇಲೆ ಚಪಾತಿ ಸೀಯುತ್ತಿತ್ತು. “ಅವತ್ತು ನಾನು ಹಾಗೆ ಹೇಳಬಾರದಿತ್ತು ಪುಟ್ಟಿ. ತಪ್ಪಾಯ್ತು” ಎಂದೆ. ಮಕ್ಕಳ ಹತ್ತಿರ ತಪ್ಪಾಯ್ತು ಎನ್ನುವುದು ನಮಗೆ ಯಾರೂ ಕಲಿಸಿಕೊಟ್ಟ ವಿದ್ಯೆಯಲ್ಲ, ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಕ್ಕದ ಮನೆ ಆಂಟಿಗೂ ಹೇಳ್ತೀಯಾ?” ಎಂದಳು. ನೋಡಿ, ಎಲ್ಲಿ ನಾಟಿತ್ತೆಂದು!

ಹೇಳಿದೆ. ಮಾರನೆಯ ದಿನ ಆಕೆಯನ್ನೇ ಹಿತ್ತಿಲಿಗೆ ಕರೆದು ಯಂತ್ರ ತೋರಿಸಿದೆ. “ನಾನು ಅವತ್ತು ಸುಮ್ಮನೆ ಬಾಯಿಗೆ ಬಂದದ್ದು ಅಂದೆ ಕಣ್ರೀ. ಇದರ ಲೆಕ್ಕವೆಲ್ಲ ನಮ್ಮ ಪುಟ್ಟೀದೇ” ಎಂದೆ. ಪುಟ್ಟಿ ಕೇಳಿಸದವಳ ಹಾಗೆ ದಾರ ಸರಿಮಾಡುತ್ತಿದ್ದಳು, ಕಿವಿ ಮಾತ್ರ ಕೆಂಪಗಾಗಿತ್ತು.

ಪ್ರದರ್ಶನದಲ್ಲಿ ಅವಳಿಗೆ ಬಹುಮಾನ ಬರಲಿಲ್ಲ. ಆದರೆ ಬಂದವರಿಗೆಲ್ಲ ಮೊಳೆ ಏಕೆ ಬಗ್ಗಿರಬೇಕೆಂದು ದಿನವಿಡೀ ಹೇಳಿ ಗಂಟಲು ಕಟ್ಟಿಸಿಕೊಂಡು ಬಂದಳು. ವರ್ಷದ ಕೊನೆಯ ಲೆಕ್ಕದ ಪರೀಕ್ಷೆಯಲ್ಲಿ ಐವತ್ತಕ್ಕೆ ಇಪ್ಪತ್ತೇಳು. ಬೆಟ್ಟವೇನೂ ಅಗೆದಿಲ್ಲ ಎಂದು ನಮ್ಮನೆಯವರು ನಕ್ಕರು. ನನಗೆ ಸಾಕು. ‘ಹೂಂ’ ಹೋಗಿ ಮನೆಯಲ್ಲಿ ಮತ್ತೆ ಗಲಾಟೆ ಬಂದಿದೆ.

ನೀವೂ ಮಕ್ಕಳ ಜೊತೆ ಮಾಡಿ ನೋಡಿ. ಎರಡು ಎಚ್ಚರ ಮಾತ್ರ ಮರೆಯಬೇಡಿ. ಯಂತ್ರದ ಮುಂದೆಯಷ್ಟೇ ಅಲ್ಲ, ಹಿಂದೆಯೂ ಯಾರೂ ನಿಲ್ಲಬಾರದು. ಉದ್ದ ದಾರ ಕಟ್ಟಿ ಪಕ್ಕದಲ್ಲಿ ದೂರ ನಿಂತು ಎಳೆದು ಬಿಡಿ, ಭಾರ ಮೇಲಿರುವಾಗ ಕೋಲಿನ ಹತ್ತಿರ ಕೈ ಒಯ್ಯಬೇಡಿ. ಚಿಕ್ಕ ಮಕ್ಕಳಿದ್ದರೆ ಅಡಿಕೆಯ ಬದಲು ಬಟ್ಟೆಯ ಉಂಡೆ ಇರಲಿ. ಪಕ್ಕದ ಮನೆಯಲ್ಲಿ ಹಪ್ಪಳ ಒಣಹಾಕಿದ್ದಾರೆಯೇ ಎಂದು ಒಮ್ಮೆ ಇಣುಕಿ ನೋಡಿಕೊಂಡರೆ ಇನ್ನೂ ಒಳ್ಳೆಯದು.

ಮತ್ತೆ ಆ ಮಾತಿನ ವಿಷಯ. ನಮ್ಮತ್ತೆ ಹೇಳಿದ್ದು ಕವಣೆಗಷ್ಟೇ ಅಲ್ಲ ಎಂದು ನನಗೆ ಈಗೀಗ ಅನ್ನಿಸುತ್ತದೆ. ಬಿಡುವ ಹೊತ್ತೇ ವಿದ್ಯೆ. ನಾನಂತೂ ಈಗ ಪುಟ್ಟಿಯ ಅಂಕ ಯಾರಾದರೂ ಕೇಳಿದರೆ, “ಅವಳನ್ನೇ ಕೇಳಿ” ಎಂದುಬಿಡುತ್ತೇನೆ.