ತೂಗು ಸೇತುವೆ ಹೇಳಿಕೊಟ್ಟ ಪಾಠ

ಅರಕಲಗೂಡು ತಾಲ್ಲೂಕಿನ ಕೊಣನೂರಿಗೆ ಹೋದವರು ಕಾವೇರಿಯ ಮೇಲಿನ ತೂಗು ಸೇತುವೆಯನ್ನು ನೋಡದೆ ಹಿಂದಿರುಗುವುದುಂಟೆ? ಸುತ್ತಲೂ ಹೊಗೆಸೊಪ್ಪು, ಭತ್ತ ಬೆಳೆಯುವ ಭೂಮಿ, ಹತ್ತಿರದಲ್ಲೇ ರಾಮನಾಥಪುರ. ಕಳೆದ ರಜೆಯಲ್ಲಿ ಆ ಸೇತುವೆಯ ಮೇಲೆ ನನ್ನೊಡನೆ ನಡೆದವರು ಹಳೆಯ ಸ್ನೇಹಿತರಾದ ಒಬ್ಬ ರೈತರು. ಹೆಸರು ಬೇಡ, ಗೌಡರು ಎಂದರೆ ಸಾಕು.

ಹೊಗೆಸೊಪ್ಪಿನ ದುಡ್ಡು ಕೂಡಿಟ್ಟು ಗೌಡರು ಮೈಸೂರಿನಲ್ಲಿ ಸಣ್ಣದೊಂದು ಮನೆ ಕಟ್ಟಿಸಿದ್ದಾರೆ. ಓಡಾಡಲಾಗದೆ, ಬಾಡಿಗೆಗೆ ಕೊಡುವ, ಹಣ ಪಡೆಯುವ ಅಧಿಕಾರವನ್ನು ಒಂದು ಏಜೆನ್ಸಿಗೆ ಬರೆದುಕೊಟ್ಟಿದ್ದರು. ಮೂವರು ಕಾಲೇಜು ಹುಡುಗರು ಬಂದರು. ಅವರ ತಂದೆತಾಯಂದಿರು ಏಜೆನ್ಸಿಗೆ 60,000 ರೂಪಾಯಿ ಅಡ್ವಾನ್ಸ್ ಕಟ್ಟಿದರು. ಓದು ಮುಗಿಸಿ ಹುಡುಗರು ಮನೆ ಬಿಡುವ ಹೊತ್ತಿಗೆ ಏಜೆನ್ಸಿಗೆ ಬೀಗ, ಫೋನು ಎತ್ತುವವರಿಲ್ಲ.

“ದುಡ್ಡು ತಿಂದವನು ಅವನು, ನಾನ್ಯಾಕೆ ಕೊಡ್ಲಿ ಮೇಷ್ಟ್ರೇ?” ಎಂದರು ಗೌಡರು.

ನಾನು ಸೇತುವೆಯನ್ನೇ ತೋರಿಸಿದೆ. ನಾವು ಕಾಲಿಟ್ಟ ಜಾಗದಲ್ಲಿ ನಮ್ಮ ಭಾರ ನಿಲ್ಲುವುದಿಲ್ಲ. ಅದು ಉಕ್ಕಿನ ಹಗ್ಗಗಳ ಮೂಲಕ ಕಂಬಗಳಿಗೂ ದಡದಲ್ಲಿ ಬಿಗಿದ ಬುಡಕ್ಕೂ ಸಾಗುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ ರೀತಿಯೂ ಇದೇ. ಅಧಿಕಾರ ಪಡೆದ ಏಜೆಂಟ್ ಮಾಡಿದ ಕರಾರು ಮಾಲೀಕನೇ ಮಾಡಿದಂತೆ. ಹುಡುಗರಿಗೆ ಉತ್ತರ ಹೇಳಬೇಕಾದವರು ಗೌಡರು. ಗೌಡರಿಗೆ ಲೆಕ್ಕ ಒಪ್ಪಿಸಬೇಕಾದದ್ದು ಏಜೆನ್ಸಿ.

ಮುಚ್ಚಿಹೋದ ಏಜೆನ್ಸಿಯಿಂದ ವಸೂಲಿ ಹೇಗೆ? ಮೊದಲು ವಕೀಲರ ನೋಟಿಸು. ಬಳಿಕ, ಸಾಮಾನ್ಯವಾಗಿ 3 ವರ್ಷದೊಳಗೆ, ಸಿವಿಲ್ ದಾವೆ. ನಂಬಿಕೆಯಿಂದ ಒಪ್ಪಿಸಿದ ಹಣವನ್ನು ನುಂಗಿದ್ದರೆ ಪೊಲೀಸ್ ದೂರು. ಅದು ಕಂಪನಿಯಾಗಿದ್ದು, 2016ರ ದಿವಾಳಿ ಸಂಹಿತೆಯಡಿ ಪ್ರಕರಣ ನಡೆದಿದ್ದರೆ, ಅಲ್ಲಿ ತನ್ನ ಬಾಕಿಯ ಹಕ್ಕು ಮಂಡಿಸಬೇಕು. ಪೂರ್ತಿ ಹಣ ಬಂದೇ ಬರುತ್ತದೆಂಬ ಖಾತರಿ ಮಾತ್ರ ಇಲ್ಲ. 2016ರ ರೇರಾ ಕಾಯ್ದೆ ಏಜೆಂಟರನ್ನು ನೋಂದಾಯಿಸುವುದು ಮಾರಾಟದ ವ್ಯವಹಾರಕ್ಕೆ, ಬಾಡಿಗೆಗಲ್ಲ. ಇಂಗ್ಲೆಂಡಿನಲ್ಲಾದರೋ 2007ರ ಏಪ್ರಿಲ್‌ನಿಂದ, ಬಹುಪಾಲು ಖಾಸಗಿ ಬಾಡಿಗೆ ಮನೆಗಳ ಅಡ್ವಾನ್ಸ್ ಹಣವನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಗೆ ಒಳಪಡಿಸಲೇಬೇಕು.

ಗೌಡರು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತ ನಿಂತರು. “ಓದೋ ಮಕ್ಕಳ ದುಡ್ಡು, ಇಟ್ಕೊಂಡು ಏನ್ ಮಾಡ್ಲಿ?” ಎಂದರು. ಎರಡು ಕಂತಿನಲ್ಲಿ ಪೂರ್ತಿ ಹಣ ಕೊಟ್ಟರು. ಏಜೆನ್ಸಿಯಿಂದ ಅವರಿಗೆ ಇನ್ನೂ ಬಿಡಿಗಾಸು ಬಂದಿಲ್ಲ, ದಾವೆ ನಡೆದಿದೆ.

ಪರ ಊರಿನಲ್ಲಿ ಮಕ್ಕಳಿಗೆ ಮನೆ ಹುಡುಕುವ ಪೋಷಕರಿಗೆ ನನ್ನದೊಂದು ಮಾತು: ಅಡ್ವಾನ್ಸ್ ಹಣವನ್ನು ಮಾಲೀಕರ ಬ್ಯಾಂಕ್ ಖಾತೆಗೇ ಹಾಕಿ, ರಸೀದಿ ಪಡೆಯಿರಿ. ಕರಾರು ಪತ್ರದಲ್ಲಿ ಮಾಲೀಕರ ಸಹಿ ಇರಲಿ. ಮಾಲೀಕರೇ, ಬಾಡಿಗೆದಾರರನ್ನು ಹುಡುಕಲು ಏಜೆಂಟ್ ಇರಲಿ, ಹಣ ಇಟ್ಟುಕೊಳ್ಳಲು ಬೇಡ.

ಕೊಣನೂರಿಗೆ ಹೋದಾಗ ಸೇತುವೆ ದಾಟುವ ಮುನ್ನ, ಹಗ್ಗವನ್ನು ದಡದಲ್ಲಿ ಎಲ್ಲಿ ಬಿಗಿದಿದ್ದಾರೆ ಎಂದು ಮಕ್ಕಳಿಗೆ ತೋರಿಸಿ. ಕರಾರಿಗೆ ಸಹಿ ಹಾಕುವ ಮುನ್ನ ನೋಡಬೇಕಾದದ್ದೂ ಅದನ್ನೇ.